ರಿಂಗು ಕೇಳಿದವಳಿಗೆ ಲೇಸರ್

ಎಂಟು ತಿಂಗಳಿಂದ ಕಾಂಪೌಂಡರಮ್ಮ ಕೇಳುತ್ತಿದ್ದದ್ದು ಒಂದು ರಬ್ಬರ್ ರಿಂಗು. ಬೆರಳಿಗೆ ಹಾಕುವ ಉಂಗುರದಷ್ಟು ಅಗಲ, ಕರ್ರಗೆ, ಅಂಗೈಯಲ್ಲಿಟ್ಟು ಜೋರಾಗಿ ಊದಿದರೆ ಹಾರಿಹೋಗುವಷ್ಟು ಹಗುರ. ಅದಕ್ಕಾಗಿ ಮೂರು ಪತ್ರ ಬರೆದಿದ್ದಳು. ಮೂರನೆಯದರಲ್ಲಂತೂ, ಓದಲು ಪುರುಸೊತ್ತಿಲ್ಲದ ದೊಡ್ಡವರಿಗೂ ಅರ್ಥವಾಗಲಿ ಎಂದು, ಹಳೆಯ ರಿಂಗನ್ನೇ ಬಿಚ್ಚಿ ಕಾಗದದ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಚಿತ್ರವನ್ನೂ ಬರೆದಿದ್ದಳು. ಸೋಮವಾರ ಬೆಳಿಗ್ಗೆ ಮೃಗಾಲಯದ ಉಗ್ರಾಣದಿಂದ ಫೋನು ಬಂತು.

"ಅಕ್ಕಾ, ನಿಮ್ಮ ಕೋವಿಗೆ ಸಾಮಾನು ಬಂದಿದೆ, ಬನ್ನಿ."

ಅಂತೂ ಪುಣ್ಯಾತ್ಮರು ಕಣ್ಣು ಬಿಟ್ಟರಲ್ಲ ಎಂದುಕೊಂಡು, ಕೈಯಲ್ಲಿದ್ದ ಔಷಧದ ಬಾಟಲಿಯ ಮುಚ್ಚಳವನ್ನೂ ಸರಿಯಾಗಿ ತಿರುಗಿಸದೆ ಅವಳು ಓಡಿದಳು. ಉಗ್ರಾಣದ ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯೊಂದು ಕೂತಿತ್ತು. ರಿಂಗಿಗೆ ಇಷ್ಟು ದೊಡ್ಡ ಪೆಟ್ಟಿಗೆ ಯಾಕೆ ಎಂದು ಅವಳಿಗೆ ಆಗಲೇ ಅನುಮಾನ ಬಂತು. ಪೆಟ್ಟಿಗೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡ ಗಂಡಸೊಬ್ಬನ ಚಿತ್ರವಿತ್ತು. ಅವನ ಬಂದೂಕಿನಿಂದ ಕೆಂಪು ಗೆರೆಯೊಂದು ಹೊರಟು ರಟ್ಟಿನ ಅಂಚಿನವರೆಗೂ ಹೋಗಿತ್ತು.

"ಇದೇನಿದು?"

"ಲೇಸರ್ ಅಕ್ಕಾ. ಗುರಿ ತೋರಿಸೋ ಲೈಟು," ಎಂದ ಉಗ್ರಾಣದ ಗುಮಾಸ್ತ. ಅವನ ಮುಖ ಸಂಬಂಧ ಕುದುರಿಸಿ ಬಂದವನ ಹಾಗೆ ಅರಳಿತ್ತು. "ಗುಂಡಿ ಒತ್ತಿದ್ರೆ ಕೆಂಪು ಚುಕ್ಕೆ ಬೀಳುತ್ತೆ. ಚುಕ್ಕೆ ಎಲ್ಲೋ ಏಟು ಅಲ್ಲೇ. ನಾಲ್ಕು ಥರದ್ದು ನೋಡಿ, ಇರೋದ್ರಲ್ಲೇ ಅಗ್ಗದ್ದು ತರಿಸಿದೀನಿ. ಬ್ಯಾಟರಿ ಬೇರೆ ಫ್ರೀ!"

"ನಾನು ಕೇಳಿದ್ದು ರಿಂಗು."

"ರಿಂಗು ಸವೆಯೋ ಸಾಮಾನು ಅಕ್ಕಾ. ಸವೆಯೋ ಸಾಮಾನಿಗೆ ವರ್ಷದ ಪಟ್ಟೀಲಿ ಹೆಸರಿರಬೇಕು, ಇಲ್ಲ. ಲೇಸರ್ ಹಾಗಲ್ಲ, ಅದು ಸುಧಾರಣೆ. ಸುಧಾರಣೆಗೆ ಸಾಹೇಬ್ರೇ ಸಹಿ ಹಾಕಬಹುದು."

"ಪಟ್ಟೀಲಿ ಯಾಕಿಲ್ಲ?"

"ಪಟ್ಟಿ ಮಾಡುವಾಗ ರಿಂಗು ಚೆನ್ನಾಗಿತ್ತಲ್ಲ."

ಕಾಂಪೌಂಡರಮ್ಮನಿಗೆ ಪಿತ್ತ ನೆತ್ತಿಗೇರಿತು. ಕೆಡದೆ ಇರುವಾಗ ಕೇಳಬೇಕು, ಕೆಟ್ಟ ಮೇಲೆ ಕೇಳಬಾರದು, ಇದೆಂಥ ನ್ಯಾಯ! ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಂದಳು.

ಈ ಮೃಗಾಲಯದ ಔಷಧಾಲಯದಲ್ಲಿ ಅವಳಿಗೆ ಇಪ್ಪತ್ತೊಂದು ವರ್ಷ. ಕಚ್ಚುವ ಪ್ರಾಣಿಗೆ ಚಿಕಿತ್ಸೆ ಮಾಡಬೇಕಾದರೆ ಮೊದಲು ಅದನ್ನು ಮಲಗಿಸಬೇಕು, ಮಲಗಿಸಬೇಕಾದರೆ ಮತ್ತಿನ ಕೋವಿ ಬೇಕು. ನೋಡಲು ರೈಫಲ್ಲೇ, ಆದರೆ ಗುಂಡಿನ ಬದಲು ಔಷಧ ತುಂಬಿದ ಸೂಜಿಯನ್ನು, ಅಂದರೆ ಡಾರ್ಟನ್ನು, ಗ್ಯಾಸಿನ ಒತ್ತಡದಿಂದ ಹಾರಿಸುತ್ತದೆ. ಹಿಂದಿದ್ದ ಹಿರಿಯ ಡಾಕ್ಟರಿಗೆ ಕೈ ನಡುಗಲು ಶುರುವಾದಾಗ ಅವರು ಅದನ್ನು ಇವಳ ಹೆಗಲಿಗೆ ಒರಗಿಸಿ, ಉಸಿರು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದರು. ಅವರು ಹೋಗಿ ಹದಿನೈದು ವರ್ಷವಾದರೂ ಕೋವಿ ಇವಳ ಕೈಯಲ್ಲೇ ಉಳಿದಿತ್ತು. ಅದನ್ನು ಒರೆಸುವುದು, ಎಣ್ಣೆ ಹಾಕುವುದು, ಬೀರುವಿನಲ್ಲಿಟ್ಟು ಬೀಗ ಹಾಕುವುದು, ಬೇಕಾದಾಗ ಹೊಡೆಯುವುದು, ಎಲ್ಲ ಅವಳೇ. ಗುರಿ ತಪ್ಪಿದ್ದನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ಎಂಟು ತಿಂಗಳ ಹಿಂದೆ, ಗ್ಯಾಸಿನ ಸಿಲಿಂಡರು ಕೋವಿಗೆ ಸೇರುವ ಜಾಗದ ರಿಂಗು ಗಟ್ಟಿಯಾಗಿ ಬಿರುಕು ಬಿಟ್ಟಿತು. ಅಂದಿನಿಂದ ಗ್ಯಾಸು ತುಂಬಿಸಿದ ಕೂಡಲೇ ಒತ್ತಡ ತೋರಿಸುವ ಮುಳ್ಳು ಮೆಲ್ಲಗೆ ಕೆಳಗಿಳಿಯುತ್ತಿತ್ತು. ತುಂಬಿಸಿದ ನಾಲ್ಕು ಉಸಿರಿನೊಳಗೆ ಹೊಡೆದರೆ ಸರಿ. ಐದನೆಯದಕ್ಕೆ ಡಾರ್ಟು ದಾರಿಯಲ್ಲೇ ಸುಸ್ತಾಗಿ ಬೀಳುತ್ತಿತ್ತು. ಅವಳು ಉಸಿರು ಎಣಿಸಿಕೊಂಡೇ ಹೇಗೋ ನಿಭಾಯಿಸಿದಳು. ಹೋದ ತಿಂಗಳು ಮಾತ್ರ, ಕುಂಟುತ್ತಿದ್ದ ಗಂಡು ಜಿಂಕೆಯೊಂದು ಗುರಿ ಹಿಡಿದಾಗಲೇ ಪೊದೆಯ ಮರೆಗೆ ಸರಿಯಿತು. ಅದು ಮತ್ತೆ ಹೊರಗೆ ಬರುವಷ್ಟರಲ್ಲಿ ಏಳು ಉಸಿರಾಗಿತ್ತು. ಇನ್ನೊಮ್ಮೆ ಗ್ಯಾಸು ತುಂಬಿಸುತ್ತೇನೆ ಎಂದು ಅವಳು ಅನ್ನುತ್ತಿರುವಾಗಲೇ ಬೆನ್ನ ಹಿಂದೆ ನಿಂತಿದ್ದ, ಮೃಗಾಲಯದ ಉಸ್ತುವಾರಿಯ ಸಾಹೇಬರು "ಹೊಡೀರಿ ಹೊಡೀರಿ, ಹೋಗ್ಬಿಡುತ್ತೆ" ಎಂದು ಕಿವಿಯ ಹತ್ತಿರ ಕಿರುಚಿದರು. ಹೊಡೆದಳು, ಡಾರ್ಟು ಮಣ್ಣಿಗೆ ಬಿತ್ತು. ಸಂಜೆಯ ವರದಿಯಲ್ಲಿ ರಿಂಗಿನ ಸುದ್ದಿಯಿಲ್ಲ, ಕಿರುಚಿದ ಸುದ್ದಿ ಮೊದಲೇ ಇಲ್ಲ. "ಹಳೆಯ ಸಿಬ್ಬಂದಿಯ ದೃಷ್ಟಿದೋಷದಿಂದ ಗುರಿ ತಪ್ಪಿದೆ" ಎಂದಿತ್ತು.

ದೃಷ್ಟಿದೋಷವಂತೆ! ಹತ್ತಿರದ ಅಕ್ಷರ ಓದುವುದಕ್ಕೆ ಅವಳಿಗೆ ಕನ್ನಡಕ ಬೇಕು, ನಿಜ. ಐವತ್ತಮೂರಕ್ಕೆ ಯಾರಿಗೆ ಬೇಡ? ಆದರೆ ದೂರದ್ದು ಕಾಣಲು ಅವಳಿಗೆ ಯಾರ ಹಂಗೂ ಬೇಕಿರಲಿಲ್ಲ. ಆ ಒಂದು ಸಾಲು ಓದಿದ ದಿನ ಅವಳು ಊಟ ಬಿಟ್ಟಿದ್ದಳು.

ಈಗ ಆ ಕೋವಿಗೆ ಕಾದು ಕೂತಿದ್ದವಳು ಅಜ್ಜಿ. ಅಜ್ಜಿ ಎಂದರೆ ಇಪ್ಪತ್ತಾರು ದಾಟಿದ ಹೆಣ್ಣು ಕರಡಿ. ಬಲಗಡೆಯ ಕೋರೆಹಲ್ಲಿನ ಬುಡದಲ್ಲಿ ಕೀವು ತುಂಬಿ ದವಡೆ ಊದಿಕೊಂಡಿತ್ತು. ಆರು ದಿನದಿಂದ ನೀರು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಒಳಗಿನ ಗೂಡಿಗೆ ಕರೆದರೂ ಬಾರದೆ ಬಯಲಿನ ದೊಡ್ಡ ಬಂಡೆಯ ಪಕ್ಕ ತಲೆ ತಗ್ಗಿಸಿ ಕೂತಿರುತ್ತಿತ್ತು. ಕೀವು ರಕ್ತಕ್ಕೆ ಸೇರಿದರೆ ಉಳಿಯುವುದಿಲ್ಲ, ಈ ವಾರವೇ ಹಲ್ಲು ಕೀಳಬೇಕು ಎಂದಿದ್ದರು ಡಾಕ್ಟರು. ಡಾಕ್ಟರು ಹೊಸಬರು, ಬುದ್ಧಿವಂತ ಹುಡುಗ. ಆದರೆ ಕೆಲಸ ಒಂದೊಂದು ವರ್ಷದ ಕರಾರಿನದು, ಕರಾರು ಮುಂದುವರಿಸುವವರು ಸಾಹೇಬರು. ಹಾಗಾಗಿ ಅವರ ಬುದ್ಧಿ ಸಾಹೇಬರ ಕೋಣೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತಿತ್ತು. ಕರಡಿಯ ತೂಕಕ್ಕೆ ಸಾಲುವಷ್ಟು ಮತ್ತಿನ ಔಷಧ ಎರಡೇ ಡಾರ್ಟಿಗಾಗುವಷ್ಟಿತ್ತು. ಮುಂದಿನದು ಬರಲು ಎರಡು ತಿಂಗಳು.

ಅದೇ ಸೋಮವಾರ ಮಧ್ಯಾಹ್ನ ಲೇಸರ್ ಜೋಡಣೆಯ ಸಮಾರಂಭ. ಸಾಹೇಬರು ಅದಕ್ಕೆಂದೇ ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ತಯಾರಾಗಿ ಬಂದಿದ್ದರು. ಕಚೇರಿಯ ಮೇಜಿನ ಮೇಲೆ ಪತ್ರಿಕೆ ಹಾಸಿ ಕೋವಿ ಮಲಗಿಸಿದರು. ಲೇಸರ್ ಎಂದರೆ ಹೆಬ್ಬೆರಳು ಗಾತ್ರದ ಒಂದು ಕರಿ ಕೊಳವೆ, ಅದನ್ನು ನಳಿಗೆಗೆ ಬಿಗಿಯಲು ಒಂದು ಹಿಡಿ, ಎರಡು ಪುಟಾಣಿ ತಿರುಪು, ಅವನ್ನು ತಿರುಗಿಸಲು ಕಡ್ಡಿಯಂಥ ಕೀಲಿ. ಹಿಡಿ ಸಾಧಾರಣ ಬಂದೂಕಿನ ಸಣ್ಣ ನಳಿಗೆಗೆ ಮಾಡಿದ್ದು. ಡಾರ್ಟು ಹಾರುವ ನಳಿಗೆ ದಪ್ಪ. ಎಷ್ಟು ಅಗಲಿಸಿದರೂ ಅದು ಬಾಯಿ ಕಚ್ಚಲಿಲ್ಲ.

"ಅಳತೆ ನೋಡಿ ತರಬೇಕಿತ್ತು," ಎಂದಳು ಕಾಂಪೌಂಡರಮ್ಮ.

"ಅಗ್ಗದ್ದು ಅಂದ್ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡ್ಕೋಬೇಕಮ್ಮ," ಎಂದರು ಸಾಹೇಬರು.

ಅಡ್ಜಸ್ಟ್ ಶುರುವಾಯಿತು. ಗುಮಾಸ್ತ ಸೈಕಲ್ ಟ್ಯೂಬು ಕತ್ತರಿಸಿ ತಂದು ನಳಿಗೆಗೆ ಸುತ್ತಿದ. ಹಿಡಿಯನ್ನು ಮೂಲೆಗೆ ಎಸೆದು, ತೋಟದ ನೀರಿನ ಪೈಪಿಗೆ ಹಾಕುವ ಎರಡು ಕಬ್ಬಿಣದ ಕ್ಲಿಪ್ಪುಗಳಿಂದ ಕೊಳವೆಯನ್ನು ನಳಿಗೆಯ ಬೆನ್ನ ಮೇಲೆ ಬಿಗಿದ. ಹಾಗೆ ಬಿಗಿದಾಗ ನಳಿಗೆಯ ತುದಿಯ ಕಬ್ಬಿಣದ ಮೊನೆ ಮರೆಯಾಯಿತು. ಗುರಿ ಹಿಡಿಯುವವರು ಹಿಂದಿನ ಕಚ್ಚಿನಿಂದ ನೋಡುವುದು ಆ ಮೊನೆಯನ್ನೇ.

"ಮೊನೆ ಮುಚ್ಚಿಹೋಯ್ತಲ್ಲ ಸಾರ್. ಕೆಳಗಡೆಯಾದ್ರೂ ಕಟ್ಟಿ."

"ಪೆಟ್ಟಿಗೆ ಮೇಲಿನ ಚಿತ್ರದಲ್ಲಿ ಮೇಲ್ಗಡೆ ಇದೆ. ಇನ್ನು ಮೊನೆ ಯಾತಕ್ಕೆ? ಚುಕ್ಕೆ ಇದೆಯಲ್ಲ."

ಕಡ್ಡಿಯಂಥ ಕೀಲಿ ಕಾಲು ಗಂಟೆಯಲ್ಲೇ ಬೀರುವಿನ ಅಡಿಗೆ ಉರುಳಿ ಕಾಣೆಯಾಯಿತು. ಮೂರು ಜನ ಮಂಡಿಯೂರಿ ಹುಡುಕಿ ಎದ್ದರು. ಕೊನೆಗೆ ಗುಮಾಸ್ತನ ಕಣ್ಣು ಕಾಂಪೌಂಡರಮ್ಮನ ಕನ್ನಡಕದ ಡಬ್ಬಿಯ ಮೇಲೆ ಬಿತ್ತು. ಅದರಲ್ಲಿ ಕನ್ನಡಕ ಬಿಗಿಯುವ ಪುಟ್ಟ ಸ್ಕ್ರೂಡ್ರೈವರ್ ಇತ್ತು. ದೃಷ್ಟಿದೋಷದವಳ ಕನ್ನಡಕದ ಸ್ಕ್ರೂಡ್ರೈವರಿನಿಂದಲೇ ಅವಳ ದೃಷ್ಟಿದೋಷಕ್ಕೆ ಮದ್ದು ಅರೆಯಲಾಯಿತು.

ಆಮೇಲೆ ಪರೀಕ್ಷೆ. ಕಚೇರಿಯ ಓಣಿ ಈ ತುದಿಯಿಂದ ಆ ತುದಿಗೆ ಹನ್ನೆರಡು ಹೆಜ್ಜೆ, ಹಗಲಲ್ಲೂ ಮಬ್ಬು. ಆ ತುದಿಯಲ್ಲಿ ಹುಲ್ಲು ತುಂಬಿದ ಗೋಣಿಚೀಲ ನಿಲ್ಲಿಸಿದರು. ಗುಂಡಿ ಒತ್ತಿದಾಗ ಗೋಣಿಯ ಮೇಲೆ ಕೆಂಪು ಚುಕ್ಕೆ ಕುಂಕುಮದ ಬೊಟ್ಟಿನ ಹಾಗೆ ಮೂಡಿತು. ಸಾಹೇಬರು ಸ್ವತಃ ಗ್ಯಾಸು ತುಂಬಿಸಿ ಖಾಲಿ ಡಾರ್ಟು ಹೊಡೆದರು. ಒಂದು ಗೇಣು ಪಕ್ಕಕ್ಕೆ ಹೋಯಿತು. ತಿರುಪು ತಿರುಗಿಸಿ ಮತ್ತೆ ಹೊಡೆದರು. ಮೂರನೆಯದು ಚುಕ್ಕೆಯ ಮೇಲೇ ನೆಟ್ಟಿತು. ಓಣಿಯ ಉದ್ದಕ್ಕೂ ಚಪ್ಪಾಳೆ.

"ನೋಡಿದ್ರಾ? ಇನ್ಮೇಲೆ ಇದನ್ನ ಯಾರು ಬೇಕಾದ್ರೂ ಹೊಡೀಬಹುದು!"

"ಸಾರ್, ಇದು ಹನ್ನೆರಡು ಹೆಜ್ಜೆ," ಎಂದಳು ಅವಳು. "ಅಜ್ಜಿ ಕೂರೋ ಬಂಡೆ ಕಟ್ಟೆಯಿಂದ ಇಪ್ಪತ್ತೈದು ಹೆಜ್ಜೆ. ಬೆಳಕು ನೇರಕ್ಕೆ ಹೋಗುತ್ತೆ, ಡಾರ್ಟು ಬಾಗಿ ಕೆಳಗೆ ಇಳಿಯುತ್ತೆ. ಬಿಸಿಲಲ್ಲಿ ಈ ಚುಕ್ಕೆ ಕಾಣೋದೂ ಇಲ್ಲ. ಕಂಡ್ರೂ, ಹುಡುಕೋ ಹೊತ್ತಿಗೆ ಗ್ಯಾಸು ಸೋರಿ ಹೋಗಿರುತ್ತೆ. ಮೊದಲು ರಿಂಗು..."

"ನೀವು ಒಂದು ಒಳ್ಳೆ ಮಾತು ಆಡೋದೇ ಇಲ್ವಲ್ಲ ಅಮ್ಮ," ಎಂದರು ಸಾಹೇಬರು, ನಗುತ್ತಲೇ. "ಹೊಸದು ಬಂದ್ರೆ ಹಳಬರಿಗೆ ಹೊಟ್ಟೆ ಉರಿಯೋದು ಸಹಜ. ನಾಳೆ ಹನ್ನೊಂದಕ್ಕೆ ಕರಡಿಗೆ ನಾನೇ ಹೊಡೀತೀನಿ. ನೀವು ಡಾರ್ಟು ತುಂಬಿಸಿ ಕೊಡಿ, ಸಾಕು."

ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ಗೋಣಿಚೀಲವನ್ನು ನೋಡುತ್ತಿದ್ದರು.

ಸಂಜೆ ಮನೆಗೆ ಬಂದವಳು ಕೈಚೀಲವನ್ನು ಕುರ್ಚಿಯ ಮೇಲೆ ಎಸೆದ ಸದ್ದಿಗೇ ಗಂಡನಿಗೆ ಅರ್ಧ ವಿಷಯ ತಿಳಿಯಿತು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಪಂಪು, ಸ್ಟೌವು, ಔಷಧ ಸಿಂಪಡಿಸುವ ಯಂತ್ರ, ಒತ್ತಡದಲ್ಲಿ ಕೆಲಸ ಮಾಡುವ ಏನೇ ಆದರೂ ರಿಪೇರಿ ಮಾಡುತ್ತಿದ್ದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಪೈಪಿನ ಕ್ಲಿಪ್ಪಿನ ಮಾತು ಬಂದಾಗ ಅವನು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟ.

"ರಿಂಗಿಗೆ ಎಂಟು ತಿಂಗಳಾ? ನನ್ನ ಕೇಳಿದ್ರೆ ಎಂಟು ನಿಮಿಷದ ಕೆಲಸ ಅಲ್ಲೇನೇ?"

"ಹೊರಗಿನ ಸಾಮಾನು ಕೋವಿಗೆ ಹಾಕಿದ್ರೆ ನೌಕರಿಗೇ ಕುತ್ತು ರೀ. ಕೇಳಿದ್ದೀನಲ್ಲ, ಇವತ್ತು ಕೊಡ್ತಾರೆ, ನಾಳೆ ಕೊಡ್ತಾರೆ ಅಂತ ಕಾದೆ." ಹೇಳುತ್ತ ಹೇಳುತ್ತ ಅವಳಿಗೆ ತನ್ನ ಮೇಲೇ ರೇಗಿತು. ಪತ್ರ ಬರೆದು ಕಾದದ್ದು ತಾನು, ಹಲ್ಲುನೋವು ತಿಂದದ್ದು ಅಜ್ಜಿ. "ಹೆದರಿಕೊಂಡೆ, ಅಷ್ಟೇ. ಬೇರೇನಿಲ್ಲ."

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಎಂಬತ್ತರ ಅವರಿಗೆ ಕಿವಿ ಮಂದ, ಬೇಡದ್ದು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು.

"ಯಾರಿಗೆ ಕಣ್ಣು ಕಾಣಲ್ಲ ಅಂದದ್ದು?"

"ನನಗೆ ಅತ್ತೆ."

"ನಿನಗಾ? ಮೊನ್ನೆ ಬೀದಿ ಆ ತುದೀಲಿ ಬರ್ತಿದ್ದ ನನ್ನ ತಂಗೀನ ನೋಡಿ ಬಾಗಿಲು ಹಾಕಿಕೊಂಡೋಳು ನೀನು," ಎಂದರು ಅತ್ತೆ. "ಅವಳು ಆಗಷ್ಟೇ ಮೂಲೆ ತಿರುಗಿದ್ದಳು."

ಗಂಡ ನಗು ತಡೆಯಲು ತಗಡಿನ ಡಬ್ಬಿಯೊಳಗೆ ತಲೆ ಹಾಕಿದ. ಕಾಂಪೌಂಡರಮ್ಮನೂ ನಕ್ಕಳು, ನಕ್ಕ ಕೂಡಲೇ ಕಣ್ಣು ತುಂಬಿತು. ಕೈಚೀಲದಿಂದ ಮೂರನೆಯ ಪತ್ರದ ನಕಲು ತೆಗೆದು ಗಂಡನ ಮುಂದಿಟ್ಟಳು. ಅವನು ಡಬ್ಬಿಯಲ್ಲಿದ್ದ ರಿಂಗುಗಳನ್ನು ಒಂದೊಂದಾಗಿ ಪೆನ್ಸಿಲ್ ಗೆರೆಯ ಮೇಲೆ ಇಡುತ್ತ ಹೋದ. ನಾಲ್ಕನೆಯದು ಗೆರೆಗೆ ಸರಿಯಾಗಿ ಕೂತಿತು. ಅದನ್ನು ಎಳೆದು, ಬಾಗಿಸಿ, ಬೆಳಕಿಗೆ ಹಿಡಿದು ನೋಡಿ ಅವಳ ಅಂಗೈಗೆ ಹಾಕಿದ.

"ಗ್ಯಾಸು ತಡೆಯೋ ರಬ್ಬರೇ. ಹಾಕೋದು ಬಿಡೋದು ನಿನಗೆ ಬಿಟ್ಟಿದ್ದು."

ಮಂಗಳವಾರ ಹನ್ನೊಂದಕ್ಕೆ ಬಿಸಿಲು ಕಣ್ಣು ಕುಕ್ಕುವಂತಿತ್ತು. ಕರಡಿಯ ಬಯಲಿನ ಸುತ್ತ ಎದೆಮಟ್ಟದ ಕಟ್ಟೆ, ಕಟ್ಟೆಯ ಆಚೆ ಆಳದ ಕಂದಕ, ಕಂದಕದ ಆಚೆ ಬಂಡೆ. ನೋಡಲು ಬಂದ ಜನರನ್ನು ದೂರ ನಿಲ್ಲಿಸಿದ್ದರು. ಕಟ್ಟೆಯ ಬಳಿ ಸಾಹೇಬರು, ಡಾಕ್ಟರು, ಗುಮಾಸ್ತ ಮತ್ತು ಕಾಂಪೌಂಡರಮ್ಮ ಇದ್ದರು. ಅಜ್ಜಿ ಬಂಡೆಯ ಪಕ್ಕದಲ್ಲೇ ಇತ್ತು. ಆಗಾಗ ಮುಂಗಾಲಿನಿಂದ ದವಡೆ ಉಜ್ಜಿಕೊಳ್ಳುವುದು, ನೋವಿಗೆ ಕಾಲು ಹಿಂದಕ್ಕೆ ತೆಗೆಯುವುದು.

ಅವಳು ಡಾರ್ಟು ತುಂಬಿಸಿ ಕೊಟ್ಟಳು. ಸಾಹೇಬರು ಗ್ಯಾಸು ತುಂಬಿಸಿ, ಕೋವಿಯನ್ನು ಕಟ್ಟೆಗೆ ಆನಿಸಿ, ಗುಂಡಿ ಒತ್ತಿದರು. ಅವಳು ಮನಸ್ಸಿನಲ್ಲೇ ಉಸಿರು ಎಣಿಸಿದಳು. ಒಂದು, ಎರಡು.

"ಚುಕ್ಕೆ ಎಲ್ಲಿ?" ಎಂದರು ಸಾಹೇಬರು.

ಮೂರು, ನಾಲ್ಕು.

"ಅಲ್ಲಿ ಸಾರ್, ಹೊಟ್ಟೆ ಹತ್ತಿರ," ಎಂದ ಗುಮಾಸ್ತ. ಅವನು ತೋರಿಸಿದ್ದು ಬಂಡೆಯ ಮೇಲಿದ್ದ ಯಾವುದೋ ಕಲೆ. "ಅಲ್ಲ ಅಲ್ಲ, ಸ್ವಲ್ಪ ಎಡಕ್ಕೆ."

ಏಳು. ಎಂಟು. ಮುಳ್ಳು ಇಳಿಯುತ್ತಿರುವುದು ಅವಳಿಗೆ ಪಕ್ಕದಿಂದಲೇ ಕಾಣುತ್ತಿತ್ತು.

"ಸಾರ್, ಬೇಡ, ನಿಲ್ಲಿಸಿ. ಗ್ಯಾಸು ಹೋಯ್ತು."

"ಶ್! ಸಿಕ್ತು ಸಿಕ್ತು."

ಕೋವಿ ಬೇಸರದಿಂದ ಕೆಮ್ಮಿದಂತೆ ಸದ್ದು ಮಾಡಿತು. ಡಾರ್ಟು ಕಂದಕ ದಾಟಿ, ಬಾಗಿ, ಕಲ್ಲಿಗೆ ಬಡಿದು ಉರುಳಿತು. ಅಜ್ಜಿ ಬೆಚ್ಚಿ ಎದ್ದು ನಾಲ್ಕು ಹೆಜ್ಜೆ ಓಡಿ, ಓಡಲಾರದೆ ಮತ್ತೆ ಕೂತಿತು. ಎರಡರಲ್ಲಿ ಒಂದು ಔಷಧ ಮಣ್ಣುಪಾಲಾಯಿತು.

ಸಾಹೇಬರು ಕೋವಿ ಕೆಳಗಿಳಿಸಿ, "ಬಿಸಿಲು ಜಾಸ್ತಿ. ಸಂಜೆ ಮಬ್ಬಾದ್ಮೇಲೆ ಚುಕ್ಕೆ ಚೆನ್ನಾಗಿ ಕಾಣುತ್ತೆ, ಆಗ ಹೊಡೆಯೋಣ," ಎಂದರು.

"ಸಂಜೆ ಆಗಲ್ಲ ಸಾರ್," ಎಂದರು ಡಾಕ್ಟರು ಮೆಲ್ಲಗೆ. "ಹಲ್ಲು ಕಿತ್ತ ಮೇಲೆ ಎಚ್ಚರ ಆಗೋವರೆಗೂ ಬೆಳಕಿರಬೇಕು."

"ಹಾಗಾದ್ರೆ ಛತ್ರಿ ತನ್ನಿ. ಕರಡಿ ಕಡೆ ನೆರಳು ಬೀಳೋ ಹಾಗೆ ಹಿಡಿದ್ರೆ..."

ಇಪ್ಪತ್ತೈದು ಹೆಜ್ಜೆ ಆಚೆಗೆ, ಕಂದಕದ ಮೇಲಿಂದ, ಛತ್ರಿಯ ನೆರಳು! ಕಾಂಪೌಂಡರಮ್ಮನ ಒಳಗೆ ಎಂಟು ತಿಂಗಳಿಂದ ಗಂಟು ಹಾಕಿಟ್ಟಿದ್ದದ್ದೇನೋ ಬಿಚ್ಚಿಕೊಂಡಿತು.

"ಸಾರ್, ಕೋವಿ ಇಲ್ಲಿ ಕೊಡಿ."

"ನಿಮ್ಮ ಕಣ್ಣು..."

"ನನ್ನ ಕಣ್ಣಿನ ಸುದ್ದಿ ಬಿಡಿ. ನಿಮ್ಮ ಡಾರ್ಟು ಬಂಡೆಯಿಂದ ಎರಡು ಮೊಳ ಈಚೆ, ಒಣಗಿದ ಕೊಂಬೆ ಪಕ್ಕ ಬಿದ್ದಿದೆ. ಸೂಜಿ ಬಾಗಿದೆ. ಹಿಂದಿನ ಕೆಂಪು ಕುಚ್ಚು ಅರ್ಧ ಕಿತ್ತು ಬಂದಿದೆ. ನಿಮಗೆ ಕಾಣಿಸ್ತಿದೆಯಾ? ಕಾಣಿಸಿದ್ರೆ ಹೇಳಿ, ನಾನು ಬಾಯಿ ಮುಚ್ಚಿಕೊಂಡು ಹೋಗ್ತೀನಿ."

ಸಾಹೇಬರು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಡಾಕ್ಟರೂ ನೋಡಿದರು. ಗುಮಾಸ್ತ ನೋಡುವ ಗೋಜಿಗೇ ಹೋಗಲಿಲ್ಲ.

"ಒಂದೇ ಡೋಸು ಉಳಿದಿರೋದು ಸಾರ್," ಎಂದರು ಡಾಕ್ಟರು. ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಆಡಿದ ಮಾತಿರಬೇಕು.

ಅವಳು ಅಪ್ಪಣೆಗೆ ಕಾಯಲಿಲ್ಲ. ಕೋವಿ ತೆಗೆದುಕೊಂಡು ಕಟ್ಟೆಯ ಮೇಲೆ ಮಲಗಿಸಿ, ಜೇಬಿನ ನಾಣ್ಯದಿಂದ ಎರಡೂ ಪೈಪ್ ಕ್ಲಿಪ್ಪುಗಳನ್ನು ಸಡಿಲಿಸಿದಳು. ಲೇಸರ್ ಕೊಳವೆ ಗುಮಾಸ್ತನ ಕೈಗೆ ಬಂತು. ಅದಿನ್ನೂ ಉರಿಯುತ್ತಿತ್ತು, ಅವನ ಅಂಗಿಯ ಮೇಲೆ ಕೆಂಪು ಚುಕ್ಕೆ ಓಡಾಡಿತು. ಆಮೇಲೆ ಸಿಲಿಂಡರು ಬಿಚ್ಚಿ, ಬಿರುಕು ಬಿಟ್ಟ ಹಳೆಯ ರಿಂಗನ್ನು ಉಗುರಿನಿಂದ ಎಬ್ಬಿಸಿ ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡು, ಅದೇ ಜೇಬಿನಿಂದ ಹೊಸದನ್ನು ತೆಗೆದಳು.

"ಏನದು? ಎಲ್ಲಿಂದ ಬಂತು?" ಎಂದರು ಸಾಹೇಬರು.

"ನನ್ನ ಮನೆಯಿಂದ. ಮೆಮೊ ಕೊಡೋದಿದ್ರೆ ಮಧ್ಯಾಹ್ನ ಕೊಡಿ ಸಾರ್. ಈಗ ಸ್ವಲ್ಪ ಸುಮ್ಮನಿರಿ."

ಗ್ಯಾಸು ತುಂಬಿಸಿದಳು. ಮುಳ್ಳು ಮೇಲೇರಿ ನಿಂತಿತು. ನಿಂತೇ ಇತ್ತು. ಎಂಟು ತಿಂಗಳ ಮೇಲೆ ಅದು ನಿಂತದ್ದನ್ನು ನೋಡಿ ಅವಳಿಗೆ ಅಳುವೇ ಬಂದಂತಾಯಿತು, ಅಳಲು ಇದು ಹೊತ್ತಲ್ಲ ಎಂದು ತಡೆದುಕೊಂಡಳು. ಅಜ್ಜಿ ಮುಖವನ್ನು ಇತ್ತ ಮಾಡಿ ಕೂತಿತ್ತು. ಮುಖದ ಕಡೆಗೆ ಹೊಡೆಯುವಂತಿಲ್ಲ. ಅವಳು ಕಾದಳು. ಹತ್ತು ಉಸಿರು, ಇಪ್ಪತ್ತು ಉಸಿರು. ಎಣಿಸುವ ಅಗತ್ಯವಿಲ್ಲದಿದ್ದರೂ ಅಭ್ಯಾಸ ಬಿಡಲಿಲ್ಲ. ಮೂವತ್ತೊಂದಕ್ಕೆ ಅಜ್ಜಿ ನಿಧಾನವಾಗಿ ಎದ್ದು ಪಕ್ಕಕ್ಕೆ ತಿರುಗಿತು. ಕಚ್ಚಿನಲ್ಲಿ ಮೊನೆ, ಮೊನೆಯ ಮೇಲೆ ತೊಡೆ, ತೊಡೆಗಿಂತ ಒಂದು ಗೇಣು ಮೇಲೆ. ಡಾರ್ಟು ಬಾಗಿ ಹೋಗಿ ತೊಡೆಯ ದಪ್ಪ ಮಾಂಸಕ್ಕೆ ನೆಟ್ಟಿತು.

ಹನ್ನೆರಡು ನಿಮಿಷಕ್ಕೆ ಅಜ್ಜಿ ತಲೆಯನ್ನು ಮುಂಗಾಲಿನ ಮೇಲಿಟ್ಟು ಮಲಗಿತು. ಡಾಕ್ಟರ ಕೈ ಒಳ್ಳೆಯ ಕೈ, ಅದನ್ನು ಹೇಳಲೇಬೇಕು. ಅರ್ಧ ಗಂಟೆಯಲ್ಲಿ ಹಲ್ಲು ಹೊರಗೆ ಬಂತು, ಅದರ ಹಿಂದೆ ಒಂದು ಬಟ್ಟಲು ಕೀವು. ಕಾಂಪೌಂಡರಮ್ಮ ಕರಡಿಯ ನಾಲಗೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡು, ಗಾಯ ತೊಳೆಯುತ್ತ, "ಆಯ್ತಮ್ಮ, ಆಯ್ತು," ಎನ್ನುತ್ತಲೇ ಇದ್ದಳು. ಮೂರು ಗಂಟೆಗೆ ಅಜ್ಜಿ ತೂರಾಡುತ್ತ ಎದ್ದು ನೀರು ಕುಡಿಯಿತು.

ನಾಲ್ಕಕ್ಕೆ ಸಾಹೇಬರ ಕೋಣೆಯಿಂದ ಕರೆ ಬಂತು. ಮೆಮೊ ಇರಬೇಕೆಂದು ಅವಳು ಕನ್ನಡಕ ಒರೆಸಿಕೊಂಡು ಹೋದಳು. ಮೇಜಿನ ಮೇಲೆ ಇದ್ದದ್ದು ಮುಖ್ಯ ಕಚೇರಿಗೆ ಹೋಗುವ ವರದಿಯ ಫೈಲು. ಡಾಕ್ಟರು ಆಗಲೇ ಸಹಿ ಹಾಕಿ, ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತ ನಿಂತಿದ್ದರು.

"ರಿಂಗಿನ ವಿಷಯ ನಾನು ದೊಡ್ಡದು ಮಾಡಲ್ಲ," ಎಂದರು ಸಾಹೇಬರು. "ಎಲ್ಲ ಸುಸೂತ್ರ ಆಯ್ತಲ್ಲ. ಇಲ್ಲೊಂದು ಸಹಿ ಹಾಕಿ."

ಅವಳು ಓದಿದಳು. "ಆಧುನಿಕ ಲೇಸರ್ ಸಾಧನವನ್ನು ಅತಿ ಕಡಿಮೆ ದರದಲ್ಲಿ ಖರೀದಿಸಿ ಕೋವಿಗೆ ಅಳವಡಿಸಿದ ನಂತರ, ಎರಡನೆಯ ಪ್ರಯತ್ನದಲ್ಲಿ ಕರಡಿಗೆ ಯಶಸ್ವಿಯಾಗಿ ಅರಿವಳಿಕೆ ನೀಡಲಾಯಿತು. ಹಳೆಯ ಸಿಬ್ಬಂದಿಯ ದೃಷ್ಟಿದೋಷದ ಸಮಸ್ಯೆ ಇದರಿಂದ ಬಗೆಹರಿದಿದೆ. ಇಂಥ ಇನ್ನೂ ಮೂರು ಸಾಧನಗಳನ್ನು ಖರೀದಿಸಬಹುದು."

ಎರಡು ಸಲ ಓದಿದಳು. ಅಳವಡಿಸಿದ್ದೂ ನಿಜ, ಆಮೇಲೆ ಎರಡನೆಯ ಪ್ರಯತ್ನದಲ್ಲಿ ಡಾರ್ಟು ತಗುಲಿದ್ದೂ ನಿಜ. ಅದೇ ಅವಳ ಮೈ ಉರಿಸಿತು. ಅಪ್ಪಟ ಸುಳ್ಳಾಗಿದ್ದರೆ ಉಗಿದು ಬರಬಹುದಿತ್ತು. ಇವರು ನಿಜದ ಎರಡು ಚೂರು ತಂದು ಪೈಪಿನ ಕ್ಲಿಪ್ಪು ಹಾಕಿ ಬಿಗಿದಿದ್ದರು.

"ಡಾಕ್ಟ್ರೇ, ನೀವು ಸಹಿ ಹಾಕಿದ್ರಾ?"

ಡಾಕ್ಟರು ತಿರುಗಲಿಲ್ಲ. "ಅಮ್ಮ, ಮುಂದಿನ ತಿಂಗಳು ನನ್ನ ಕರಾರು..." ಎಂದರು. ಅವರ ಕಿವಿ ಕೆಂಪಾಗಿತ್ತು. ಪಾಪ, ನಾಚಿಕೆಯಾದರೂ ಇದೆಯಲ್ಲ ಎಂದುಕೊಂಡಳು ಅವಳು.

"ನಿಮ್ಮದು ಇಲ್ಲಿ," ಎಂದು ಸಾಹೇಬರು ಬೆರಳಿಟ್ಟು ಜಾಗ ತೋರಿಸಿದರು.

ಕಾಂಪೌಂಡರಮ್ಮ ಕುರ್ಚಿ ಎಳೆದುಕೊಂಡು ಕೂತಳು. ಈ ಕೋಣೆಯಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಅವಳು ಕೂತದ್ದು ಅದೇ ಮೊದಲು. ಪೆನ್ನು ತೆಗೆದು, ಸಹಿಯ ಜಾಗದ ಮೇಲೆ, ಅವಸರವಿಲ್ಲದ ದುಂಡು ಅಕ್ಷರದಲ್ಲಿ ಬರೆದಳು: "ಮೊದಲ ಡಾರ್ಟು ಸಾಹೇಬರು ಲೇಸರ್ ಇಟ್ಟು ಹೊಡೆದದ್ದು, ತಪ್ಪಿತು. ಎರಡನೆಯದು ನಾನು ಲೇಸರ್ ಬಿಚ್ಚಿಟ್ಟು, ಹೊಸ ರಿಂಗು ಹಾಕಿ ಹೊಡೆದದ್ದು, ತಗುಲಿತು. ರಿಂಗು ಕೇಳಿ ಮೂರು ಪತ್ರ ಬರೆದಿದ್ದೇನೆ. ಹಳೆಯ ರಿಂಗು ಇದು." ಕೆಳಗೆ ಸಹಿ ಹಾಕಿದಳು. ಆಮೇಲೆ ಕೋಟಿನ ಜೇಬಿನಿಂದ ಬಿರುಕು ಬಿಟ್ಟ ರಿಂಗನ್ನು ತೆಗೆದು "ಇದು" ಎಂಬ ಮಾತಿನ ಪಕ್ಕ ಇಟ್ಟು, ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಅಡ್ಡಡ್ಡ ಮೂರು ಪದರ ಹಾಕಿ, ಪ್ರತಿ ಪದರವನ್ನೂ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು. ಒದ್ದಾಡುವ ಪ್ರಾಣಿಯ ಮೈಮೇಲೂ ಬಿಚ್ಚದ ಹಾಗೆ ಅಂಟಿಸಿ ಪಳಗಿದ ಕೈ ಅದು.

"ಏನ್ರೀ ಇದು, ಅಧಿಕಪ್ರಸಂಗ! ತೆಗೀರಿ ಅದನ್ನ!"

"ನೀವೇ ತೆಗೀರಿ ಸಾರ್. ತೆಗೆದ್ರೆ ಕಾಗದ ಹರಿಯುತ್ತೆ. ಹರಿದ್ರೆ ಡಾಕ್ಟ್ರ ಸಹಿ, ನಿಮ್ಮ ಸಹಿ, ಎಲ್ಲ ಅದರ ಜೊತೆ ಹೋಗುತ್ತೆ."

"ಹೊಸದು ಟೈಪ್ ಮಾಡಿಸ್ತೀನಿ."

"ಮಾಡಿಸಿ. ಅದಕ್ಕೆ ಡಾಕ್ಟ್ರು ಮತ್ತೆ ಸಹಿ ಹಾಕಬೇಕಲ್ಲ."

ಡಾಕ್ಟರು ಕಿಟಕಿಯಿಂದ ಈಚೆ ತಿರುಗಿದರು. ಫೈಲಿನ ಹತ್ತಿರ ಬಂದು, ಅವಳು ಬರೆದದ್ದನ್ನು ನಿಂತೇ ಓದಿದರು. ಅಂಟುಪಟ್ಟಿಯ ಕೆಳಗೆ ಉಬ್ಬಿದ್ದ ರಿಂಗಿನ ಮೇಲೆ ಒಮ್ಮೆ ಬೆರಳಾಡಿಸಿದರು. ಕರಾರು, ಮುಂದಿನ ತಿಂಗಳು, ಎಲ್ಲವೂ ಅವರ ಮುಖದ ಮೇಲೆ ಹಾದುಹೋಯಿತು.

"ಇಲ್ಲ ಸಾರ್," ಎಂದರು. "ಇನ್ನೊಂದು ಸಲ ನಾನು ಹಾಕಲ್ಲ."

ಸಾಹೇಬರು ಫೈಲು ಮುಚ್ಚಿದರು. ಅದು ಮುಚ್ಚಲಿಲ್ಲ. ಮಧ್ಯದಲ್ಲಿ ರಿಂಗಿನ ಉಬ್ಬು ರಟ್ಟನ್ನು ಎತ್ತಿ ಹಿಡಿದಿತ್ತು. ಅಂಗೈಯಿಂದ ಒತ್ತಿದರು, ಮೇಲೆ ಪೇಪರ್‌ವೇಟಿನ ಗಾಜಿನ ಗುಂಡು ಇಟ್ಟರು, ಅದು ಜಾರಿ ಮೇಜಿನ ಮೇಲೆ ಉರುಳಿತು. ಕಾಂಪೌಂಡರಮ್ಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿ, ಸ್ಕ್ರೂಡ್ರೈವರ್ ಇದೆಯೇ ಎಂದು ನೋಡಿಕೊಂಡು, ಅಜ್ಜಿಗೆ ಸಂಜೆಯ ಔಷಧ ಕೊಡಲು ಎದ್ದು ಹೊರಟಳು.